ಮನೆಯೊಳಗಿನ ನಿಸ್ತಂತು ಜಾಲ: ಚಿತ್ರವು ತಡೆತಡೆದು ಬರುವುದೇಕೆ?

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸಂಪರ್ಕವು ದೊರೆಯಲಾರಂಭಿಸಿದ್ದು 1995ರ ಆಗಸ್ಟ್ 15ರಂದು. ವಿದೇಶ ಸಂಚಾರ ನಿಗಮವು ದೂರವಾಣಿ ತಂತಿಯ ಮೂಲಕ ಅಂದು ಒದಗಿಸಿದ ಸಂಪರ್ಕವು ಅಕ್ಷರಗಳನ್ನೂ ಸಣ್ಣಪುಟ್ಟ ಚಿತ್ರಗಳನ್ನೂ ಹೊತ್ತು ತರುವುದಕ್ಕೆ ಮಾತ್ರ ಶಕ್ತವಾಗಿತ್ತು. 2004ರ ಬ್ರಾಡ್‌ಬ್ಯಾಂಡ್ ನೀತಿಯು ಸೆಕೆಂಡಿಗೆ 256 ಕಿಲೋಬಿಟ್ ವೇಗವುಳ್ಳ ಸಂಪರ್ಕವನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಿತು. ಈ ಕನಿಷ್ಠ ಮಿತಿಯನ್ನು 2013ರಲ್ಲಿ 512 ಕಿಲೋಬಿಟ್‌ಗೂ 2023ರಲ್ಲಿ 2 ಮೆಗಾಬಿಟ್‌ಗೂ ಏರಿಸಲಾಯಿತು. ಇಂದು ನಗರಗಳಲ್ಲಿ ಗಾಜಿನ ಎಳೆಯ ಮೂಲಕ ಮನೆಬಾಗಿಲಿಗೆ ಬರುವ ಸಂಪರ್ಕಗಳು ಇದರ ಹತ್ತಾರು ಪಟ್ಟು ವೇಗವುಳ್ಳವು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು ಅಥವಾ ದೆಹಲಿಯಲ್ಲಿ ನೆಲೆಸಿರುವ ಕನ್ನಡ ಕುಟುಂಬವು ಹೊಸ ಕನ್ನಡ ಚಲನಚಿತ್ರವನ್ನಾಗಲಿ, ಊರಿನಲ್ಲಿ ನಡೆದ ಮದುವೆಯ ವಿಡಿಯೋವನ್ನಾಗಲಿ ತನ್ನ ಮನೆಯಲ್ಲಿಯೇ ಕುಳಿತು ದೊಡ್ಡ ಪರದೆಯ ಮೇಲೆ ನೋಡುವುದು ಈಗ ಸಾಧ್ಯವಾಗಿದೆ.

ಈ ಕಾರ್ಯವನ್ನು ನೆರವೇರಿಸುವ ಸಾಧನವೇ ಮೀಡಿಯಾ ಪ್ಲೇಯರ್. ಅಂಗೈಯಗಲದ ಈ ಪೆಟ್ಟಿಗೆಯನ್ನು ಟೆಲಿವಿಷನ್ನಿಗೆ ಜೋಡಿಸಿದರೆ, ಅಂತರ್ಜಾಲದಿಂದಾಗಲಿ ಮನೆಯ ಗಣಕಯಂತ್ರದಿಂದಾಗಲಿ ಬರುವ ವಿಡಿಯೋವನ್ನು ಅದು ಪರದೆಯ ಮೇಲೆ ತೋರಿಸುತ್ತದೆ. ಅನೇಕ ಟೆಲಿವಿಷನ್‌ಗಳಲ್ಲಿ ಈ ವ್ಯವಸ್ಥೆಯು ಒಳಗೇ ಅಡಕವಾಗಿರುತ್ತದೆ. ಆದರೆ ಚಿತ್ರವು ನಡುನಡುವೆ ನಿಂತುಹೋಗುವುದು, ಪರದೆಯ ಮೇಲೆ ಸುತ್ತುವ ವೃತ್ತವೊಂದು ಕಾಣಿಸಿಕೊಳ್ಳುವುದು, ಧ್ವನಿಯು ಮುಂದೆ ಹೋಗಿ ಚಿತ್ರವು ಹಿಂದುಳಿಯುವುದು ಮುಂತಾದ ತೊಂದರೆಗಳು ಬಹು ಮನೆಗಳಲ್ಲಿ ಕಂಡುಬರುತ್ತವೆ. ಇಂತಹ ಸಂದರ್ಭದಲ್ಲಿ ಬಹುತೇಕ ಗ್ರಾಹಕರು ಮೊದಲು ಮಾಡುವ ಕೆಲಸವೆಂದರೆ ಸೇವಾ ಸಂಸ್ಥೆಗೆ ಕರೆ ಮಾಡಿ ಹೆಚ್ಚು ವೇಗದ, ಹೆಚ್ಚು ಬೆಲೆಯ ಯೋಜನೆಗೆ ಬದಲಾಯಿಸಿಕೊಳ್ಳುವುದು. ತಿಂಗಳ ಬಿಲ್ಲು ಏರುತ್ತದೆ. ವೃತ್ತವು ಸುತ್ತುತ್ತಲೇ ಇರುತ್ತದೆ. ತೊಂದರೆಯ ಮೂಲವು ಹೊರಗಿನ ಸಂಪರ್ಕದಲ್ಲಿರದೆ, ಮನೆಯೊಳಗೆ ರೂಟರಿನಿಂದ ಟೆಲಿವಿಷನ್ನಿನವರೆಗಿನ ಹದಿನೈದು ಇಪ್ಪತ್ತು ಅಡಿಗಳ ಗಾಳಿಯಲ್ಲಿ ಇರುವುದೇ ಇದಕ್ಕೆ ಕಾರಣ. ಆದಕಾರಣ ಹಣವನ್ನು ವೆಚ್ಚ ಮಾಡುವ ಮೊದಲು ದೋಷವು ಯಾವ ಭಾಗದಲ್ಲಿದೆ ಎಂಬುದನ್ನು ಪತ್ತೆಹಚ್ಚುವುದು ಅಗತ್ಯ. ಇದಕ್ಕೆ ತಂತ್ರಜ್ಞರ ನೆರವು ಬೇಕಾಗಿಲ್ಲ; ಒಂದು ತಂತಿ, ಒಂದು ಗಡಿಯಾರ ಮತ್ತು ಅರ್ಧ ದಿನದ ತಾಳ್ಮೆ ಇದ್ದರೆ ಸಾಕು.

ಎಷ್ಟು ವೇಗ ಬೇಕು?

ಸಂಪರ್ಕದ ವೇಗವನ್ನು ಸೇವಾ ಸಂಸ್ಥೆಗಳು ಮೆಗಾಬಿಟ್‌ಗಳಲ್ಲಿ ಹೇಳುತ್ತವೆ. ಕಡತದ ಗಾತ್ರವನ್ನು ಗಣಕಯಂತ್ರವು ಮೆಗಾಬೈಟ್‌ಗಳಲ್ಲಿ ತೋರಿಸುತ್ತದೆ. ಎಂಟು ಬಿಟ್‌ಗಳು ಸೇರಿ ಒಂದು ಬೈಟ್ ಆಗುತ್ತದೆ. ಸೆಕೆಂಡಿಗೆ 100 ಮೆಗಾಬಿಟ್ ಎಂದು ಜಾಹೀರಾತಿನಲ್ಲಿ ಓದಿ ಸಂಪರ್ಕವನ್ನು ಪಡೆದವರು ಗಣಕಯಂತ್ರದಲ್ಲಿ 12 ಎಂಬ ಅಂಕಿಯನ್ನು ಕಂಡು ತಾವು ಮೋಸಹೋದೆವೆಂದು ಭಾವಿಸುವುದುಂಟು. ವಾಸ್ತವದಲ್ಲಿ 100 ಮೆಗಾಬಿಟ್ ಎಂದರೆ 12.5 ಮೆಗಾಬೈಟ್, ಅವರಿಗೆ ಹೇಳಿದಷ್ಟೇ ದೊರೆತಿದೆ.

ಅಂತರ್ಜಾಲದ ಮೂಲಕ ಚಲನಚಿತ್ರಗಳನ್ನು ಒದಗಿಸುವ ಸಂಸ್ಥೆಗಳಿಗೆ ಬೇಕಾಗುವ ವೇಗವು ಸಾಮಾನ್ಯ ಗ್ರಾಹಕರು ಊಹಿಸುವುದಕ್ಕಿಂತ ಕಡಿಮೆ. ನೆಟ್‌ಫ್ಲಿಕ್ಸ್ ಸಂಸ್ಥೆಯು ಪೂರ್ಣ ಸ್ಪಷ್ಟತೆಯ, ಅಂದರೆ 1080 ಗೆರೆಗಳ ಚಿತ್ರಕ್ಕೆ ಸೆಕೆಂಡಿಗೆ 5 ಮೆಗಾಬಿಟ್ ಮತ್ತು ಅತ್ಯುನ್ನತ ಸ್ಪಷ್ಟತೆಯ 4ಕೆ ಚಿತ್ರಕ್ಕೆ 15 ಮೆಗಾಬಿಟ್ ವೇಗವಿರಬೇಕೆಂದು ಸೂಚಿಸಿದೆ. ಆದುದರಿಂದ 50 ಮೆಗಾಬಿಟ್ ಸಂಪರ್ಕವುಳ್ಳ ಮನೆಯಲ್ಲಿ ಒಂದೇ ಟೆಲಿವಿಷನ್ ನಡೆಯುತ್ತಿರುವಾಗ ಚಿತ್ರವು ತಡೆಯುತ್ತಿದ್ದರೆ, 100 ಮೆಗಾಬಿಟ್ ಯೋಜನೆಯು ಅದನ್ನು ಸರಿಪಡಿಸುವುದೆಂದು ನಂಬಲು ಕಾರಣವಿಲ್ಲ.

ಮನೆಯ ಗಣಕಯಂತ್ರದಲ್ಲಿ ಶೇಖರಿಸಿಟ್ಟ ವಿಡಿಯೋದ ವಿಷಯ ಬೇರೆ. ಅಂತರ್ಜಾಲ ಸಂಸ್ಥೆಗಳು ಚಿತ್ರವನ್ನು ಬಹಳವಾಗಿ ಸಂಕೋಚಿಸಿ ಕಳುಹಿಸುತ್ತವೆ. ಸಂಪರ್ಕವು ನಿಧಾನವಾದರೆ ಸ್ಪಷ್ಟತೆಯನ್ನು ತಾವಾಗಿಯೇ ತಗ್ಗಿಸಿಕೊಳ್ಳುತ್ತವೆ. ಮದುವೆಯ ಛಾಯಾಗ್ರಾಹಕರು ಕೊಟ್ಟ ಕಡತಕ್ಕೆ ಆ ಸೌಜನ್ಯವಿಲ್ಲ. ಅದಕ್ಕೆ ಎಷ್ಟು ವೇಗ ಬೇಕೆಂಬುದನ್ನು ಸುಲಭವಾಗಿ ಲೆಕ್ಕ ಹಾಕಬಹುದು. ಒಂದೂವರೆ ಗಂಟೆಯ ವಿಡಿಯೋ 18 ಗಿಗಾಬೈಟ್ ಗಾತ್ರದ್ದೆಂದು ಇಟ್ಟುಕೊಳ್ಳೋಣ. ಇದು 18,000 ಮೆಗಾಬೈಟ್, ಅಂದರೆ 1,44,000 ಮೆಗಾಬಿಟ್. ಒಂದೂವರೆ ಗಂಟೆಗೆ 5,400 ಸೆಕೆಂಡುಗಳು. ಭಾಗಿಸಿದರೆ ಸೆಕೆಂಡಿಗೆ ಸುಮಾರು 27 ಮೆಗಾಬಿಟ್ ಬರುತ್ತದೆ. ಇದು ಸರಾಸರಿ ಮಾತ್ರ. ಮಂಟಪದಲ್ಲಿ ಅಕ್ಷತೆ ಬೀಳುವಂತಹ ಚಲನೆ ತುಂಬಿದ ದೃಶ್ಯಗಳಲ್ಲಿ ಇದು ಇನ್ನೂ ಮೇಲೇರುವುದುಂಟು. ಆದುದರಿಂದ ಸರಾಸರಿಯ ಒಂದೂವರೆಯಿಂದ ಎರಡು ಪಟ್ಟು ವೇಗವು ಕೈಯಲ್ಲಿರುವುದು ಕ್ಷೇಮ. ಗಮನಿಸಬೇಕಾದ ಇನ್ನೊಂದು ಅಂಶವೆಂದರೆ, ಈ ಕಡತವು ಮನೆಯೊಳಗಿನಿಂದ ಮನೆಯೊಳಗೇ ಸಾಗುವುದರಿಂದ ಸೇವಾ ಸಂಸ್ಥೆಯ ಸಂಪರ್ಕಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಹೊರಗಿನ ಸಂಪರ್ಕವು ಕಡಿದುಹೋಗಿದ್ದರೂ ಅದು ನಡೆಯುತ್ತದೆ.

ದೋಷವನ್ನು ಪತ್ತೆಹಚ್ಚುವ ಬಗೆ

ವಿಡಿಯೋ ಸಾಗುವ ಹಾದಿಯಲ್ಲಿ ಹೊರಗಿನಿಂದ ರೂಟರಿನವರೆಗಿನದು ಒಂದು ಭಾಗ, ರೂಟರಿನಿಂದ ಪ್ಲೇಯರಿನವರೆಗಿನ ಗಾಳಿಯದು ಎರಡನೆಯದು, ಪ್ಲೇಯರಿನ ಒಳಗಿನ ಕೆಲಸವು ಮೂರನೆಯದು. ಈ ಮೂರನ್ನು ಬೇರ್ಪಡಿಸಿ ನೋಡಲು ಇರುವ ಅತ್ಯುತ್ತಮ ಉಪಾಯವು ಗಾಳಿಯನ್ನು ಹಾದಿಯಿಂದ ತೆಗೆದುಹಾಕುವುದು. ಸಾಧಾರಣ ಜಾಲ ತಂತಿಯೊಂದನ್ನು ಕೊಂಡು ಮೀಡಿಯಾ ಪ್ಲೇಯರನ್ನು ತಾತ್ಕಾಲಿಕವಾಗಿ ನೇರವಾಗಿ ರೂಟರಿಗೆ ಜೋಡಿಸಬೇಕು. ಪ್ಲೇಯರಿನಲ್ಲಿ ತಂತಿಯ ಕಂಡಿ ಇಲ್ಲದಿದ್ದರೆ ಅದನ್ನೇ ರೂಟರಿನಿಂದ ಐದಾರು ಅಡಿ ದೂರಕ್ಕೆ ಒಯ್ದು ನೋಡಬಹುದು. ಮೊದಲು ತಡೆಯುತ್ತಿದ್ದ ಅದೇ ವಿಡಿಯೋವನ್ನು ಮತ್ತೆ ನಡೆಸಬೇಕು. ಈಗ ಚಿತ್ರವು ಸುಗಮವಾಗಿ ಬಂದರೆ ದೋಷವು ಗಾಳಿಯಲ್ಲಿದೆ. ತಂತಿಯಿದ್ದರೂ ತಡೆಯುತ್ತಿದ್ದರೆ ನಿಸ್ತಂತು ಜಾಲವನ್ನು ದೂಷಿಸಿ ಫಲವಿಲ್ಲ.

ಈ ಪರೀಕ್ಷೆಯನ್ನು ಬೆಳಗಿನ ಹೊತ್ತು ಒಮ್ಮೆ, ರಾತ್ರಿ ಎಂಟರಿಂದ ಹತ್ತರ ನಡುವೆ ಇನ್ನೊಮ್ಮೆ ಮಾಡುವುದು ಒಳ್ಳೆಯದು. ಅಂತರ್ಜಾಲದ ವಿಡಿಯೋವು ಬೆಳಗ್ಗೆ ತಂತಿಯಲ್ಲಿ ಸುಗಮವಾಗಿದ್ದು ರಾತ್ರಿ ತಂತಿಯಲ್ಲಿಯೂ ತಡೆದರೆ, ಹೊರಗಿನ ಸಂಪರ್ಕದಲ್ಲಿ ದಟ್ಟಣೆಯಿದೆಯೆಂದು ತಿಳಿಯಬಹುದು. ತಿಂಗಳ ಕೊನೆಯಲ್ಲಿ ಮಾತ್ರ ನಿಧಾನವಾಗುವುದಾದರೆ, ನಿಗದಿತ ಬಳಕೆಯ ಮಿತಿಯು ಮುಗಿದು ಸೇವಾ ಸಂಸ್ಥೆಯು ವೇಗವನ್ನು ತಗ್ಗಿಸಿರುವ ಸಂಭವವಿದೆ. ಇದನ್ನು ಯೋಜನೆಯ ಷರತ್ತುಗಳಲ್ಲಿ ನೋಡಿಕೊಳ್ಳಬೇಕು.

ಗಾಳಿಯ ವೇಗವನ್ನು ಅಳೆಯುವುದಕ್ಕೆ ಮತ್ತೊಂದು ಸರಳ ಕ್ರಮವಿದೆ. ಕಡತಗಳಿರುವ ಗಣಕಯಂತ್ರವನ್ನು ತಂತಿಯ ಮೂಲಕ ರೂಟರಿಗೆ ಜೋಡಿಸಿ, ಮೀಡಿಯಾ ಪ್ಲೇಯರ್ ಇರುವ ಜಾಗದಲ್ಲಿಯೇ ಲ್ಯಾಪ್‌ಟಾಪ್ ಒಂದನ್ನು ಇರಿಸಿ, ಒಂದು ಗಿಗಾಬೈಟ್ ಗಾತ್ರದ ಕಡತವನ್ನು ವೈ-ಫೈ ಮೂಲಕ ಅದಕ್ಕೆ ನಕಲು ಮಾಡಬೇಕು. ಎಷ್ಟು ಸೆಕೆಂಡು ಹಿಡಿಯಿತೆಂಬುದನ್ನು ಗಡಿಯಾರದಲ್ಲಿ ನೋಡಿ, 8,000ವನ್ನು ಆ ಸಂಖ್ಯೆಯಿಂದ ಭಾಗಿಸಬೇಕು. 160 ಸೆಕೆಂಡು ಹಿಡಿದರೆ ವೇಗವು 50 ಮೆಗಾಬಿಟ್. 400 ಸೆಕೆಂಡು ಹಿಡಿದರೆ ಕೇವಲ 20. ಮೇಲೆ ಹೇಳಿದ ಮದುವೆಯ ವಿಡಿಯೋ ಮೊದಲನೆಯ ಮನೆಯಲ್ಲಿ ನಡೆಯುತ್ತದೆ, ಎರಡನೆಯ ಮನೆಯಲ್ಲಿ ನಡೆಯುವುದಿಲ್ಲ. ಎರಡನೆಯ ಮನೆಯವರು ಅಂತರ್ಜಾಲದ ಚಲನಚಿತ್ರಗಳನ್ನು ಮಾತ್ರ ಯಾವ ತೊಂದರೆಯೂ ಇಲ್ಲದೆ ನೋಡುತ್ತಿರಬಹುದು. ಹೀಗಾಗಿ ವಿಡಿಯೋ ಕಡತವೇ ಕೆಟ್ಟಿದೆಯೆಂಬ ತಪ್ಪು ತೀರ್ಮಾನಕ್ಕೆ ಅವರು ಬರುವುದು ಸಹಜ.

ಗಾಳಿಯಲ್ಲಿನ ತೊಡಕುಗಳು

ವೈ-ಫೈ ಎಂಬುದು ರೇಡಿಯೋ. ಆಕಾಶವಾಣಿಯ ಕೇಂದ್ರದಂತೆ ರೂಟರು ಪ್ರಸಾರ ಮಾಡುತ್ತದೆ. ಆದರೆ ಇಲ್ಲಿ ಕೇಳುಗನೂ ಮರಳಿ ಮಾತನಾಡುತ್ತಾನೆ ಮತ್ತು ಒಂದು ಕ್ಷಣದಲ್ಲಿ ಒಬ್ಬರು ಮಾತ್ರ ಮಾತನಾಡಲು ಸಾಧ್ಯ. ಒಂದೇ ಆವರ್ತನದಲ್ಲಿರುವ ಸಾಧನಗಳೆಲ್ಲವೂ ತಮ್ಮ ಸರದಿಗಾಗಿ ಕಾಯಬೇಕು. ಈ ಸರದಿಯಲ್ಲಿ ನೆರೆಮನೆಯವರ ಸಾಧನಗಳೂ ಸೇರುತ್ತವೆ ಎಂಬುದೇ ಮಹಾನಗರಗಳ ಬಹುಮಹಡಿ ಕಟ್ಟಡಗಳಲ್ಲಿನ ಮುಖ್ಯ ತೊಂದರೆ. ಮನೆಯ ಗೋಡೆಯು ನೆರೆಯವರ ನೋಟವನ್ನು ತಡೆಯುತ್ತದೆಯೇ ಹೊರತು ಅವರ ರೇಡಿಯೋ ಅಲೆಗಳನ್ನು ತಡೆಯುವುದಿಲ್ಲ.

ಹಳೆಯ ಮತ್ತು ಅಗ್ಗದ ಸಾಧನಗಳು ಬಳಸುವುದು 2.4 ಗಿಗಾಹರ್ಟ್ಸ್ ಆವರ್ತನವನ್ನು. ನಮ್ಮ ದೇಶದಲ್ಲಿ 2005ರಿಂದ ಪರವಾನಗಿಯಿಲ್ಲದೆ ಬಳಸಲು ಅವಕಾಶವಿರುವ ಈ ಪಟ್ಟಿಯ ಅಗಲವು 83.5 ಮೆಗಾಹರ್ಟ್ಸ್ ಮಾತ್ರ. ಇದರಲ್ಲಿ 13 ಚಾನೆಲ್‌ಗಳಿವೆ ಎಂದು ರೂಟರಿನಲ್ಲಿ ಕಂಡರೂ, ಅವುಗಳ ನಡುವಣ ಅಂತರ ತಲಾ 5 ಮೆಗಾಹರ್ಟ್ಸ್. ಪ್ರತಿಯೊಂದು ಪ್ರಸಾರಕ್ಕೆ ಬೇಕಾಗುವ ಅಗಲವು ಸುಮಾರು 20 ಮೆಗಾಹರ್ಟ್ಸ್. ಆದಕಾರಣ ಒಂದರ ಮೇಲೊಂದು ಬೀಳದಂತೆ ಬಳಸಬಹುದಾದವು 1, 6 ಮತ್ತು 11ನೆಯ ಚಾನೆಲ್‌ಗಳು ಮೂರೇ. ಮೂವತ್ತು ಮನೆಗಳ ಕಟ್ಟಡದಲ್ಲಿ ಮೂವತ್ತು ರೂಟರುಗಳು ಈ ಮೂರು ಚಾನೆಲ್‌ಗಳನ್ನು ಹಂಚಿಕೊಳ್ಳಬೇಕಾಗುತ್ತದೆ. ತಾವು ಜಾಣರೆಂದು ಭಾವಿಸಿ ಯಾರೂ ಇಲ್ಲದ 3ನೆಯ ಅಥವಾ 8ನೆಯ ಚಾನೆಲನ್ನು ಆರಿಸಿಕೊಳ್ಳುವವರು ಇಬ್ಬದಿಯ ಗದ್ದಲವನ್ನೂ ಕೇಳಬೇಕಾಗುತ್ತದೆ. ನೆರೆಯವರಿಗೂ ಅವರಿಂದ ತೊಂದರೆಯೇ. ಸುತ್ತಲಿನ ರೂಟರುಗಳು ಯಾವ ಚಾನೆಲ್‌ಗಳಲ್ಲಿವೆ ಎಂಬುದನ್ನು ತೋರಿಸುವ ಉಚಿತ ತಂತ್ರಾಂಶಗಳು ಮೊಬೈಲ್ ದೂರವಾಣಿಗಳಿಗೆ ಲಭ್ಯವಿವೆ. ಅವನ್ನು ನೋಡಿ, ಮೂರರಲ್ಲಿ ಗದ್ದಲ ಕಡಿಮೆಯಿರುವ ಚಾನೆಲನ್ನು ರೂಟರಿನಲ್ಲಿ ನಿಗದಿಪಡಿಸಬಹುದು. ಚಾನೆಲಿನ ಅಗಲವನ್ನು 40 ಮೆಗಾಹರ್ಟ್ಸ್‌ಗೆ ಹೆಚ್ಚಿಸುವ ಅವಕಾಶವೂ ರೂಟರಿನಲ್ಲಿರುತ್ತದೆ. ದಟ್ಟಣೆಯ ಕಟ್ಟಡಗಳಲ್ಲಿ ಇದನ್ನು ಬಳಸದಿರುವುದೇ ಲೇಸು.

ಇದಕ್ಕಿಂತ ಉತ್ತಮ ಪರಿಹಾರವು 5 ಗಿಗಾಹರ್ಟ್ಸ್ ಆವರ್ತನಕ್ಕೆ ಬದಲಾಯಿಸಿಕೊಳ್ಳುವುದು. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವು ಈ ಭಾಗದಲ್ಲಿ ಒಟ್ಟು 605 ಮೆಗಾಹರ್ಟ್ಸ್ ಅಗಲವನ್ನು ಪರವಾನಗಿಯಿಂದ ಮುಕ್ತಗೊಳಿಸಿತು. ಓಣಿಯಿಂದ ಹೆದ್ದಾರಿಗೆ ಬಂದಂತಹ ವ್ಯತ್ಯಾಸವಿದು. ಎರಡೂ ಆವರ್ತನಗಳನ್ನು ಬಳಸಬಲ್ಲ ರೂಟರುಗಳು ಈಗ ಸಾಮಾನ್ಯವಾಗಿವೆ. ಆದರೆ ಅನೇಕ ಮನೆಗಳಲ್ಲಿ ಮೀಡಿಯಾ ಪ್ಲೇಯರು ಹಳೆಯ ಅಭ್ಯಾಸದಂತೆ 2.4ರಲ್ಲಿಯೇ ಜೋಡಿಸಿಕೊಂಡಿರುತ್ತದೆ. ರೂಟರಿನಲ್ಲಿ ಎರಡು ಆವರ್ತನಗಳಿಗೆ ಎರಡು ಬೇರೆ ಹೆಸರುಗಳನ್ನಿಟ್ಟು, ಪ್ಲೇಯರಿಗೆ 5ರ ಹೆಸರನ್ನು ಮಾತ್ರ ತಿಳಿಸಿದರೆ ಅದು ಅಲ್ಲಿಯೇ ಉಳಿಯುತ್ತದೆ. ಒಂದು ಕಾಸೂ ವೆಚ್ಚವಿಲ್ಲದೆ ಅನೇಕರ ತೊಂದರೆಯು ಇಷ್ಟರಿಂದಲೇ ನೀಗುವುದುಂಟು.

ಇದಕ್ಕೊಂದು ಮಿತಿಯೂ ಇದೆ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್; 5ರ ಅಲೆಯು ಅದರ ಅರ್ಧಕ್ಕಿಂತ ಕಡಿಮೆಯಿಂದ ಅರ್ಧದಷ್ಟು. ಈ ಗಿಡ್ಡ ಅಲೆಗಳು ಗೋಡೆಗಳನ್ನು ದಾಟುವಾಗ ಹೆಚ್ಚು ಕ್ಷೀಣಿಸುತ್ತವೆ. ಒಂದು ಇಟ್ಟಿಗೆಯ ಗೋಡೆಯಾದರೆ ಚಿಂತೆಯಿಲ್ಲ. ಉಕ್ಕಿನ ಸರಳುಗಳುಳ್ಳ ಕಾಂಕ್ರೀಟು ಗೋಡೆಗಳು ಎರಡಾದರೆ 5 ಗಿಗಾಹರ್ಟ್ಸ್ ನಿರುಪಯುಕ್ತವಾಗಬಹುದು. ಆಗ ರೂಟರಿನ ಸ್ಥಾನವೇ ಮುಖ್ಯವಾಗುತ್ತದೆ. ಗಾಜಿನ ಎಳೆಯನ್ನು ತಂದ ಕೆಲಸಗಾರರು ಮನೆಯ ಮುಂಬಾಗಿಲ ಬಳಿ, ಚಪ್ಪಲಿ ಗೂಡಿನ ಮೇಲೆ ಅಥವಾ ಅಟ್ಟದಲ್ಲಿ ರೂಟರನ್ನು ಕೂರಿಸಿ ಹೋಗಿರುತ್ತಾರೆ. ಅವರಿಗೆ ಅನುಕೂಲವಾದ ಜಾಗವು ಅಲೆಗಳಿಗೆ ಅನುಕೂಲವಾದುದಾಗಿರಬೇಕೆಂದಿಲ್ಲ. ಉಕ್ಕಿನ ಬೀರು, ದೊಡ್ಡ ಕನ್ನಡಿ, ಶೈತ್ಯಪೆಟ್ಟಿಗೆ ಇವು ಅಲೆಗಳನ್ನು ಪ್ರತಿಫಲಿಸುತ್ತವೆ. ನೀರು ಅವನ್ನು ಹೀರಿಕೊಳ್ಳುತ್ತದೆ. ಹಜಾರದ ಅಲಂಕಾರಕ್ಕಿಟ್ಟ ಮೀನಿನ ತೊಟ್ಟಿಯೂ ಇದಕ್ಕೆ ಹೊರತಲ್ಲ. ಅಂದಗೆಡುತ್ತದೆಂದು ರೂಟರನ್ನು ಟೆಲಿವಿಷನ್ನಿನ ಹಿಂದೆ ಅಡಗಿಸಿಡುವುದೂ ಸರಿಯಲ್ಲ. ನಿಂತ ಮನುಷ್ಯನ ಎದೆಯೆತ್ತರದಲ್ಲಿ, ಮನೆಯ ನಡುಭಾಗದಲ್ಲಿ, ತೆರೆದ ಜಾಗದಲ್ಲಿ ಇರಿಸುವುದು ಉತ್ತಮ.

ಮೈಕ್ರೋವೇವ್ ಒಲೆಯು ಕೆಲಸ ಮಾಡುವುದು 2.45 ಗಿಗಾಹರ್ಟ್ಸ್ ಆವರ್ತನದಲ್ಲಿ. ನೂರಾರು ವ್ಯಾಟ್ ಶಕ್ತಿಯ ಆ ಒಲೆಯಿಂದ ಸೋರುವ ಅತ್ಯಲ್ಪ ಭಾಗವೂ ವ್ಯಾಟಿನ ಹತ್ತನೆಯ ಒಂದಂಶದಷ್ಟು ಶಕ್ತಿಯಲ್ಲಿ ನಡೆಯುವ ವೈ-ಫೈಗೆ ಸಾಕಷ್ಟು ಅಡ್ಡಿ. ಊಟದ ಹೊತ್ತಿಗೆ ಸರಿಯಾಗಿ ಚಿತ್ರವು ನಿಲ್ಲುವ ಮನೆಗಳಲ್ಲಿ ಅಡುಗೆಮನೆಯ ಕಡೆಗೂ ಒಮ್ಮೆ ನೋಡಬೇಕು. ಇನ್ನೊಂದು ಕಾರಣವು ಹೆಚ್ಚಿನವರ ಗಮನಕ್ಕೆ ಬಾರದಂತಹುದು. ಯು.ಎಸ್.ಬಿ. 3.0 ಮಾದರಿಯ ಹಾರ್ಡ್‌ಡಿಸ್ಕ್ ಮತ್ತು ಅದರ ತಂತಿಗಳಿಂದ ಹೊರಡುವ ಗದ್ದಲವು 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೆ ಬೀಳುತ್ತದೆಂಬುದನ್ನು ಇಂಟೆಲ್ ಸಂಸ್ಥೆಯು 2012ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಿವರಿಸಿದೆ. ಮೀಡಿಯಾ ಪ್ಲೇಯರಿಗೋ ರೂಟರಿಗೋ ಇಂತಹ ಡಿಸ್ಕ್ ಒಂದನ್ನು ಅಂಟಿಸಿಟ್ಟಂತೆ ಜೋಡಿಸಿದ್ದರೆ, ಅದನ್ನು ಉದ್ದ ತಂತಿಯ ಮೂಲಕ ಎರಡು ಮೂರು ಅಡಿ ದೂರ ಸರಿಸಿ ನೋಡಬೇಕು.

ಮನೆಯ ಗಣಕಯಂತ್ರದಿಂದ ವಿಡಿಯೋ ನೋಡುವವರು ವಿಶೇಷವಾಗಿ ತಿಳಿಯಬೇಕಾದ ಸಂಗತಿಯೊಂದಿದೆ. ಗಣಕಯಂತ್ರವೂ ಪ್ಲೇಯರೂ ಎರಡೂ ವೈ-ಫೈನಲ್ಲಿದ್ದರೆ, ವಿಡಿಯೋವು ಮೊದಲು ಗಣಕಯಂತ್ರದಿಂದ ರೂಟರಿಗೆ, ಅನಂತರ ರೂಟರಿನಿಂದ ಪ್ಲೇಯರಿಗೆ, ಹೀಗೆ ಗಾಳಿಯನ್ನು ಎರಡು ಬಾರಿ ದಾಟುತ್ತದೆ. ಎರಡೂ ಒಂದೇ ಚಾನೆಲಿನಲ್ಲಿದ್ದರೆ ಲಭ್ಯ ವೇಗವು ಅರ್ಧಕ್ಕೆ ಇಳಿಯುತ್ತದೆ. ಗಣಕಯಂತ್ರವೊಂದನ್ನಾದರೂ ತಂತಿಯಿಂದ ಜೋಡಿಸಿದರೆ ಈ ನಷ್ಟವು ತಪ್ಪುತ್ತದೆ. ಅಂಗಡಿಗಳಲ್ಲಿ ಸಿಗುವ ಅಗ್ಗದ ರಿಪೀಟರುಗಳೂ ಕೇಳಿದ್ದನ್ನೇ ಅದೇ ಚಾನೆಲಿನಲ್ಲಿ ಮತ್ತೆ ಹೇಳುವುದರಿಂದ ಇದೇ ಬೆಲೆಯನ್ನು ತೆರುತ್ತವೆ. ಮೊಬೈಲಿನಲ್ಲಿ ಸಂಕೇತದ ಗೆರೆಗಳು ತುಂಬಿ ಕಾಣುತ್ತವೆ, ಚಿತ್ರವು ಮಾತ್ರ ಮೊದಲಿಗಿಂತ ಹೆಚ್ಚು ತಡೆಯುತ್ತದೆ.

ಪೆಟ್ಟಿಗೆಯ ಮೇಲೆ ಮುದ್ರಿಸಿದ ಅಂಕಿಗಳನ್ನು ಯಥಾವತ್ತಾಗಿ ನಂಬಬಾರದು. 300 ಮೆಗಾಬಿಟ್ ಎಂಬ ರೂಟರಿನಲ್ಲಿ, ಒಂದೇ ಆಂಟೆನಾ ಉಳ್ಳ ಸಣ್ಣ ಪ್ಲೇಯರು 20 ಮೆಗಾಹರ್ಟ್ಸ್ ಅಗಲದಲ್ಲಿ ಜೋಡಿಸಿಕೊಳ್ಳುವ ಗರಿಷ್ಠ ವೇಗವು 72 ಮೆಗಾಬಿಟ್. ಸರದಿ ಕಾಯುವುದಕ್ಕೂ ಸ್ವೀಕೃತಿ ತಿಳಿಸುವುದಕ್ಕೂ ಹೋಗುವ ಕಾಲವನ್ನು ಕಳೆದರೆ, ಒಳ್ಳೆಯ ದಿನದಲ್ಲಿಯೂ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ದೊರೆತೀತು. ರೂಟರಿನ ಸುರಕ್ಷತಾ ಕ್ರಮವೂ ವೇಗದ ಮೇಲೆ ಪರಿಣಾಮ ಬೀರುತ್ತದೆ. ಡಬ್ಲ್ಯೂ.ಇ.ಪಿ. ಅಥವಾ ಟಿ.ಕೆ.ಐ.ಪಿ. ಎಂಬ ಹಳೆಯ ಗೂಢಲಿಪಿ ಕ್ರಮವನ್ನು ಆರಿಸಿದ್ದರೆ, 2009ರ ಅನಂತರದ ಶಿಷ್ಟಮಾನಗಳ ಹೆಚ್ಚಿನ ವೇಗಗಳು ದೊರೆಯದೆ ಸಂಪರ್ಕವು 54 ಮೆಗಾಬಿಟ್‌ಗೆ ನಿಲ್ಲುತ್ತದೆ. ಈ ಕ್ರಮಗಳು ಸುರಕ್ಷಿತವೂ ಅಲ್ಲ. ಡಬ್ಲ್ಯೂ.ಪಿ.ಎ.-2 ಅಥವಾ ಅದರ ಅನಂತರದ ಕ್ರಮವನ್ನು ಎ.ಇ.ಎಸ್. ಗೂಢಲಿಪಿಯೊಂದಿಗೆ ಆರಿಸಿ, ಊಹಿಸಲು ಕಷ್ಟವಾದ ಗುಪ್ತಪದವನ್ನು ಇಡಬೇಕು. ಗುಪ್ತಪದವಿಲ್ಲದ ಜಾಲದಲ್ಲಿ ನೆರೆಯವರು ನೋಡುವ ಕ್ರಿಕೆಟ್ ಪಂದ್ಯಕ್ಕೂ ನಿಮ್ಮದೇ ಸಂಪರ್ಕವು ಬಳಕೆಯಾಗುತ್ತಿರಬಹುದು.

ಇಷ್ಟಾದರೂ ಸರಿಹೋಗದಿದ್ದರೆ ತಂತಿಯನ್ನೇ ಶಾಶ್ವತಗೊಳಿಸುವುದು ವಿವೇಕ. ಕ್ಯಾಟ್-5ಇ ಎಂಬ ಸಾಧಾರಣ ಜಾಲ ತಂತಿಯು 100 ಮೀಟರಿನವರೆಗೆ ಸೆಕೆಂಡಿಗೆ 1,000 ಮೆಗಾಬಿಟ್ ಒಯ್ಯಬಲ್ಲದು. ಬಾಡಿಗೆ ಮನೆಯಲ್ಲಿ ಗೋಡೆಯನ್ನು ಕೊರೆಯಲು ಮಾಲೀಕರು ಒಪ್ಪದಿದ್ದರೆ, ಬಾಗಿಲಿನ ಸಂದಿಯಲ್ಲಿ ಹಾಯುವ ಚಪ್ಪಟೆ ತಂತಿಗಳೂ ದೊರೆಯುತ್ತವೆ. ಅನೇಕ ಟೆಲಿವಿಷನ್ನುಗಳ ತಂತಿಯ ಕಂಡಿಯು 100 ಮೆಗಾಬಿಟ್‌ಗೆ ಮಾತ್ರ ಸೀಮಿತವಾಗಿರುತ್ತದೆ. ಆದರೆ ಏರಿಳಿತವಿಲ್ಲದ 100 ಮೆಗಾಬಿಟ್, ಕ್ಷಣಕ್ಷಣಕ್ಕೂ ಬದಲಾಗುವ 300ಕ್ಕಿಂತ ಮನೆಬಳಕೆಗೆ ಹೆಚ್ಚು ಉಪಯುಕ್ತ.

ತಂತಿಯಲ್ಲಿಯೂ ತಡೆದರೆ

ಮನೆಯ ಕಡತವು ತಂತಿಯ ಮೂಲಕವೂ ಸುಗಮವಾಗಿ ಬಾರದಿದ್ದರೆ ದೋಷವು ಪ್ಲೇಯರಿನಲ್ಲಿ ಅಥವಾ ಗಣಕಯಂತ್ರದಲ್ಲಿದೆ. ಕಡತವನ್ನು ಸಂಕೋಚಿಸಿರುವ ವಿಧಾನವು ಪ್ಲೇಯರಿಗೆ ತಿಳಿಯದಿದ್ದಲ್ಲಿ, ಗಣಕಯಂತ್ರದ ತಂತ್ರಾಂಶವು ಆ ಕ್ಷಣದಲ್ಲಿಯೇ ಅದನ್ನು ಬೇರೊಂದು ರೂಪಕ್ಕೆ ಪರಿವರ್ತಿಸಿ ಕಳುಹಿಸಲು ಯತ್ನಿಸುತ್ತದೆ. ಹಳೆಯ ಗಣಕಯಂತ್ರಕ್ಕೆ ಇದು ಮೀರಿದ ಹೊರೆ. ಅದರ ಫ್ಯಾನಿನ ಸದ್ದು ಜೋರಾಗುವುದೇ ಇದರ ಕುರುಹು. ಕಡತವನ್ನು ಮೊದಲೇ ಎಚ್.264 ರೂಪಕ್ಕೆ ಪರಿವರ್ತಿಸಿಟ್ಟುಕೊಂಡರೆ ಬಹುಪಾಲು ಪ್ಲೇಯರುಗಳು ಅದನ್ನು ತಾವೇ ನಡೆಸುತ್ತವೆ.

ತಂತಿಯ ಮೂಲಕ ರೂಟರಿಗೆ ಜೋಡಿಸಿದ ಗಣಕಯಂತ್ರದಲ್ಲಿ ಅಳೆದಾಗಲೂ ಅಂತರ್ಜಾಲದ ವೇಗವು ಯೋಜನೆಯಲ್ಲಿ ಹೇಳಿದುದಕ್ಕಿಂತ ಬಹಳ ಕಡಿಮೆಯಿದ್ದರೆ ಮಾತ್ರ ಸೇವಾ ಸಂಸ್ಥೆಗೆ ದೂರು ನೀಡಲು ಗಟ್ಟಿಯಾದ ಆಧಾರವಿರುತ್ತದೆ. ವೈ-ಫೈ ಮೂಲಕ ಅಳೆದ ಅಂಕಿಯನ್ನು ಸಂಸ್ಥೆಯವರು ಸಹಜವಾಗಿಯೇ ತಳ್ಳಿಹಾಕುತ್ತಾರೆ. ಮೂರು ನಾಲ್ಕು ದಿನಗಳ ಕಾಲ ಬೆಳಗ್ಗೆ ಮತ್ತು ರಾತ್ರಿ ಅಳೆದು, ದಿನಾಂಕ ಮತ್ತು ವೇಳೆಯೊಡನೆ ಬರೆದಿಟ್ಟುಕೊಳ್ಳಬೇಕು. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2012ರಲ್ಲಿ ಹೊರಡಿಸಿದ ವಿನಿಯಮಗಳ ಪ್ರಕಾರ, ದೂರನ್ನು ಮೊದಲು ಸೇವಾ ಸಂಸ್ಥೆಯ ದೂರು ಕೇಂದ್ರದಲ್ಲಿ ದಾಖಲಿಸಬೇಕು. ಅಲ್ಲಿ ಕೊಡುವ ಡಾಕೆಟ್ ಸಂಖ್ಯೆಯನ್ನು ಕೇಳಿ ಪಡೆದು ಜೋಪಾನವಾಗಿ ಇಟ್ಟುಕೊಳ್ಳಬೇಕು. ಪರಿಹಾರ ದೊರೆಯದಿದ್ದರೆ ಅಥವಾ ದೊರೆತುದು ತೃಪ್ತಿಕರವಾಗಿರದಿದ್ದರೆ, ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಡಾಕೆಟ್ ಸಂಖ್ಯೆಯನ್ನು ನಮೂದಿಸಿ ಮನವಿ ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ. ನಿಯಂತ್ರಣ ಪ್ರಾಧಿಕಾರವು ಗ್ರಾಹಕರ ವೈಯಕ್ತಿಕ ದೂರುಗಳನ್ನು ತಾನೇ ಇತ್ಯರ್ಥಪಡಿಸುವುದಿಲ್ಲವಾದುದರಿಂದ ನೇರವಾಗಿ ಅಲ್ಲಿಗೆ ಬರೆದು ಕಾಲ ಕಳೆಯುವುದರ ಬದಲು ಈ ಎರಡು ಹಂತಗಳನ್ನು ಅನುಸರಿಸಬೇಕು. ಬರೆದಿಟ್ಟುಕೊಂಡ ಅಂಕಿಗಳ ಪ್ರತಿಯನ್ನು ಮನವಿಯೊಡನೆ ಲಗತ್ತಿಸುವುದು ಒಳ್ಳೆಯದು.